ಪರದೆಯ ಮೇಲೆ ಸಿಕ್ಕಿಬಿದ್ದ ತಪ್ಪು

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಪಕ್ಷಕ್ಕೆ 11 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ ಎಸೆದೋ 4 ಯತ್ನಗಳೊಳಗೆ 10 ಗಜ ಮುಂದೊತ್ತಬೇಕು. ಒಂದೊಂದು ಯತ್ನವೂ ಕೆಲವೇ ಕ್ಷಣಗಳ ಗಲಿಬಿಲಿ. ಓಟಗಾರ ಬಿದ್ದನೆಂದರೆ ಪ್ರೇಕ್ಷಕರೆಲ್ಲ ಅವನನ್ನೇ ಹಳಿಯುತ್ತಾರೆ. ನಿಜವಾದ ತಪ್ಪು ಯಾರದು?

ಉತ್ತರವನ್ನು ಫಿಲ್ಮಿನಲ್ಲಿ ಹುಡುಕಿದ ಮೊದಲಿಗರ ಸಾಲಿನಲ್ಲಿ ಸಿಡ್ ಗಿಲ್‌ಮನ್ (1911–2003) ನಿಲ್ಲುತ್ತಾರೆ. ಮಿನಿಯಾಪೊಲಿಸ್ ನಗರದಲ್ಲಿ ಅವರ ಮನೆತನಕ್ಕೆ ಚಿತ್ರಮಂದಿರದ ವ್ಯವಹಾರವಿತ್ತು. ಸುದ್ದಿಚಿತ್ರದಲ್ಲಿ ಫುಟ್‌ಬಾಲ್ ಬಂದರೆ ಆ ತುಣುಕನ್ನು ಕತ್ತರಿಸಿ ಮನೆಗೊಯ್ದು ನೋಡುತ್ತಿದ್ದರು. 1935ರಲ್ಲಿ ಮಧುಚಂದ್ರದ ಪ್ರವಾಸದಲ್ಲೇ 15 ಡಾಲರಿಗೆ ಪ್ರೊಜೆಕ್ಟರ್ ಕೊಂಡರಂತೆ, ನವವಧು ಏನೆಂದುಕೊಂಡರೋ! ಮುಂದೆ ಒಹಾಯೊ ಪ್ರಾಂತದ ಮಯಾಮಿ, ಸಿನ್ಸಿನಾಟಿ ವಿಶ್ವವಿದ್ಯಾಲಯಗಳ ತಂಡಗಳಿಗೆ ಅವರು ತರಬೇತಿ ನೀಡಿದರು.

ಪರದೆಯ ಮುಂದೆ ಕುಳಿತವನು ಮೊದಲು ಚೆಂಡನ್ನು ಮರೆಯಬೇಕು. ಒಂದೇ ಆಕ್ರಮಣವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಸಲಕ್ಕೊಬ್ಬ ಆಟಗಾರನನ್ನೇ ದಿಟ್ಟಿಸಬೇಕು. ಆಗ ಗುಟ್ಟು ಹೊರಬೀಳುತ್ತದೆ: ಮುಂಸಾಲಿನ ಹುಡುಗನೊಬ್ಬ ತಪ್ಪು ಕಾಲನ್ನು ಮೊದಲಿಟ್ಟ, ಅರೆಗಳಿಗೆ ತಡವಾಯಿತು, ಓಟಗಾರ ಬರುವಷ್ಟರಲ್ಲಿ ದಾರಿ ಮುಚ್ಚಿತ್ತು. ಹಳಿಸಿಕೊಂಡವನು ನಿರಪರಾಧಿ.

ಇನ್ನೂ ಸೂಕ್ಷ್ಮವಾದುದೊಂದಿದೆ. ನೆಲಕ್ಕೂರಿದ ಕೈಯ ಮೇಲೆ ಹುಡುಗ ಭಾರ ಹಾಕಿದ್ದರೆ ಮುನ್ನುಗ್ಗುವ ಹವಣು, ಅಂದರೆ ಓಟ. ಕೈ ಹಗುರವಾಗಿ ಊರಿದ್ದರೆ ಬಹುಶಃ ಎಸೆತ. ತನಗೇ ಅರಿವಿಲ್ಲದ ಈ ಚಾಳಿಯನ್ನು ಎದುರಾಳಿಯೂ ತನ್ನ ಕೋಣೆಯಲ್ಲಿ ಅದೇ ಚಿತ್ರದಿಂದ ಓದುತ್ತಿರುತ್ತಾನೆ. ಇಂದು ರೀಲಿನ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ಆದರೂ ಮುಂದಿನ ಪಂದ್ಯದೊಳಗೆ ಹುಡುಗನ ಕೈಯ ಭಾರವನ್ನು ತಿದ್ದುವ ಕೆಲಸ ಮೈದಾನದಲ್ಲೇ ಆಗಬೇಕು.