ಕೊಖಲ್: ಒಂದು ಐರಿಷ್ ಕೊಪ್ಪೆಯ ವಿಭಕ್ತಿ

ಐರಿಷ್ ಭಾಷೆಯಲ್ಲಿ ತಲೆಮುಸುಕಿಗೆ ‘ಕೊಖಲ್’ ಅಂತಾರೆ. ‘ಖ’ವನ್ನು ಉರ್ದುವಿನ ‘ಖಬರ್’ನಲ್ಲಿರುವಂತೆ ಗಂಟಲಿನಿಂದ ಉಜ್ಜಿ ಹೇಳಬೇಕು. ಟೋಪಿ ಅಂದುಕೊಳ್ಳಬೇಡಿ, ಮಳೆಗಾಲದಲ್ಲಿ ನಮ್ಮ ರೈತರು ಹೊದೆಯುವ ಕಂಬಳಿಕೊಪ್ಪೆಯನ್ನು ನೆನೆದರೆ ಹತ್ತಿರ ಬಂದೀರಿ. ಕಾಳಿನ ಹೊಟ್ಟಿಗೂ ಅದೇ ಪದ.

ಇದರ ಮೂಲ ಲ್ಯಾಟಿನ್ನಿನ ‘ಕುಕುಲ್ಲುಸ್’. ಇಂಗ್ಲಿಷಿನ ‘ಕೌಲ್’ ಕೂಡ ಅದರದೇ ಕುಡಿ. ಐರ್ಲೆಂಡಿಗೆ ಲ್ಯಾಟಿನ್ ಹೆಚ್ಚಾಗಿ ಬಂದದ್ದು ಕ್ರೈಸ್ತಧರ್ಮದ ಜೊತೆ. ಈ ಪದ ಸನ್ಯಾಸಿಗಳ ತಲೆಯ ಮೇಲೇ ಕೂತು ಬಂತು ಅಂತ ನನಗನಿಸುತ್ತೆ. ಆದರೆ ಕೊಪ್ಪೆ ಸನ್ಯಾಸಿಗಳಿಗಿಂತ ಹಳೆಯದು. ರೋಮನ್ ಕವಿ ಮಾರ್ಷಲ್ ಇದನ್ನು ಗಾಲ್ ದೇಶದ ಉಡುಪು ಎಂದೇ ಹೇಳುತ್ತಾನೆ. ಆಸ್ಟ್ರಿಯಾದ ವಾಬೆಲ್ಸ್‌ಡಾರ್ಫ್‌ನಲ್ಲಿ ಸಿಕ್ಕ ಎರಡು ಬಲಿಪೀಠಗಳ ಮೇಲೆ ‘ಗೆನಿಯೊ ಕುಕುಲ್ಲಾತೊ’, ಅಂದರೆ ‘ಕೊಪ್ಪೆ ತೊಟ್ಟ ದೇವತೆಗೆ’ ಎಂಬ ಬರಹವಿದೆ. ಬ್ರಿಟನ್ನಿನ ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ ಸಿಕ್ಕ ಮೂವರು ಮುಸುಕುಧಾರಿಗಳ ಉಬ್ಬುಶಿಲ್ಪದಲ್ಲಿ ಅಕ್ಷರವೇ ಇಲ್ಲ. ವಿದ್ವಾಂಸರು ಅವರನ್ನು ಕರೆಯುವುದು ಈ ಆಸ್ಟ್ರಿಯಾದ ಶಾಸನದ ಹೆಸರಿನಿಂದಲೇ.

ಇನ್ನು ವ್ಯಾಕರಣ. ನನಗೆ ರುಚಿ ಹತ್ತಿದ್ದು ಇಲ್ಲೇ. ಪದ ಪುಲ್ಲಿಂಗ. ‘ಅವನ ಕೊಪ್ಪೆ’ ಅನ್ನಲು ‘ಅ ಖೊಖಲ್’, ‘ಅವಳ ಕೊಪ್ಪೆ’ಗೆ ‘ಅ ಕೊಖಲ್’, ‘ಅವರ ಕೊಪ್ಪೆ’ಗೆ ‘ಅ ಗೊಖಲ್’. ಸರ್ವನಾಮ ಮೂರಕ್ಕೂ ಒಂದೇ ‘ಅ’! ಕನ್ನಡದಲ್ಲಿ ಅವನ, ಅವಳ, ಅವರ ಎಂದು ಸರ್ವನಾಮವೇ ಬದಲಾದರೆ, ಅಲ್ಲಿ ಮುಂದಿನ ಪದದ ಮೊದಲ ಅಕ್ಷರ ಬದಲಾಗುತ್ತೆ. ಕಾರಣ ಇಷ್ಟೆ: ಒಂದು ಕಾಲಕ್ಕೆ ‘ಅವನ’ ಎಂಬುದು ಸ್ವರದಿಂದ, ‘ಅವಳ’ ಸಕಾರದಿಂದ, ‘ಅವರ’ ಅನುನಾಸಿಕದಿಂದ ಮುಗಿಯುತ್ತಿತ್ತು. ಆ ಕೊನೆಗಳು ಸವೆದುಹೋದವು, ಪಕ್ಕದ ವ್ಯಂಜನಕ್ಕೆ ಹಚ್ಚಿದ ಬಣ್ಣ ಮಾತ್ರ ಉಳಿಯಿತು.

ಷಷ್ಠಿಯಲ್ಲೂ ಇದೇ ಕಥೆ. ‘ಕೊಪ್ಪೆಯ’ ಅನ್ನಲು ‘ಕೊಖಿಲ್’. ಪ್ರತ್ಯಯ ಕಾಣಿಸೋದಿಲ್ಲ, ಒಳಗೊಂದು ‘ಇ’ ನುಸುಳಿ ಕೊನೆಯ ಲಕಾರ ಮೆತ್ತಗಾಗುತ್ತೆ ಅಷ್ಟೆ. ಹಾಗಾದರೆ ಹಳೆಯ ಪ್ರತ್ಯಯ ಎಲ್ಲಿ? ಕಲ್ಲಿನ ಮೇಲಿದೆ. ಐರ್ಲೆಂಡಿನ ಓಗಮ್ ಶಾಸನಗಳಲ್ಲಿ, ಅದರಲ್ಲೂ ಕೆರ್ರಿ, ಕಾರ್ಕ್ ಕಡೆಯ ಕಲ್ಲುಗಳಲ್ಲಿ, ಪದೇಪದೇ ಬರುವ ಪದ ‘ಮಕ್ವಿ’, ‘ಮಗನ’ ಎಂದರ್ಥ. ಇಂದಿನ ಐರಿಷಿನಲ್ಲಿ ‘ಮಗ’ ಎಂದರೆ ‘ಮಕ್’, ‘ಮಗನ’ ಎಂದರೆ ‘ಮಿಕ್’. ಕಲ್ಲಿನಲ್ಲಿ ಕೊನೆಗಿದ್ದ ‘ಇ’ ಬಿದ್ದುಹೋಗುವ ಮುಂಚೆ ಹಿಂದಿನ ಅಕ್ಷರಗಳನ್ನು ತಿದ್ದಿಹೋಗಿದೆ.

‘ಕೊಖಲ್’ ಸೇರಿದ್ದೂ ಇದೇ ಗುಂಪಿಗೆ. ಲ್ಯಾಟಿನ್ನಿನಲ್ಲೂ ಇದರ ಷಷ್ಠಿ ‘ಕುಕುಲ್ಲೀ’, ಅದೇ ‘ಈ’ ಪ್ರತ್ಯಯ. ಹಾಗಾಗಿ ಈ ಎರವಲು ಪದಕ್ಕೆ ಹೊಸ ಮನೆಯಲ್ಲಿ ಜಾಗ ಹುಡುಕುವ ಕಷ್ಟವೇ ಬರಲಿಲ್ಲ.