ಯಂತ್ರದ ಹೊರೆ ಅಳೆಯುವ ಆದೇಶಗಳು

ಲಿನಕ್ಸ್ ಕಂಪ್ಯೂಟರ್ ಏಕಾಏಕಿ ನಿಧಾನವಾದರೆ ತಪ್ಪು ಪ್ರೊಸೆಸರಿನದೋ, ಮೆಮೊರಿಯದೋ, ಡಿಸ್ಕಿನದೋ ಎಂದು ಪತ್ತೆ ಹಚ್ಚಲು ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ಟರ್ಮಿನಲ್ ತೆರೆದು ಪುಟ್ಟ ಆದೇಶವೊಂದನ್ನು ಟೈಪಿಸಿದರೆ ಸಾಕು. ಬರುವ ಅಂಕಿಗಳನ್ನು ಸರಿಯಾಗಿ ಓದುವುದರಲ್ಲೇ ಇರುವುದು ಕಷ್ಟ.

ಈ ಅಂಕಿಗಳೆಲ್ಲ ಬರುವುದು ‘ಪ್ರಾಕ್’ ಎಂಬ ಫೋಲ್ಡರಿನಿಂದ. ಅದು ಹೆಸರಿಗೆ ಫೋಲ್ಡರ್, ಡಿಸ್ಕಿನ ಮೇಲೆ ಇಲ್ಲವೇ ಇಲ್ಲ. ಯಾರಾದರೂ ಒಳಗಿನ ಕಡತವನ್ನು ತೆರೆದ ಕ್ಷಣದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಆಗಿನ ಸ್ಥಿತಿಯನ್ನೇ ಅಕ್ಷರರೂಪದಲ್ಲಿ ಬರೆದುಕೊಡುತ್ತದೆ. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಅದರೊಳಗೆ ಒಂದು ಸಂಖ್ಯೆಯ ಉಪಫೋಲ್ಡರ್ ಇರುತ್ತದೆ. ಪ್ರೋಗ್ರಾಮುಗಳನ್ನೂ ಕಡತಗಳಂತೆ ಓದುವ ಈ ಸೊಗಸಾದ ಕಲ್ಪನೆಯನ್ನು 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯುನಿಕ್ಸ್‌ನಲ್ಲಿ ಜಾರಿಗೆ ತಂದರು. ಲಿನಕ್ಸ್ ಅದನ್ನು ಇನ್ನಷ್ಟು ವಿಸ್ತರಿಸಿತು.

ಅದೇ ವರ್ಷ ವಿಲಿಯಂ ಲೆಫೆಬ್ವರ್ ಬರೆದ ‘ಟಾಪ್’ ಇಂದಿಗೂ ಎಲ್ಲರೂ ಮೊದಲು ಕೈಹಾಕುವ ಆದೇಶ. ಲಿನಕ್ಸ್‌ನಲ್ಲಿರುವುದು ಅದೇ ಹೆಸರಿನ ಬೇರೆ ಪ್ರೋಗ್ರಾಂ. ಅದು ಸಾಮಾನ್ಯವಾಗಿ ಮೂರು ಸೆಕೆಂಡಿಗೊಮ್ಮೆ ಪರದೆಯನ್ನು ಹೊಸದಾಗಿ ತುಂಬುತ್ತದೆ. ದೊಡ್ಡಕ್ಷರದ ‘ಪಿ’ ಒತ್ತಿದರೆ ಪ್ರೊಸೆಸರನ್ನು ಹೆಚ್ಚು ಬಳಸುವ ಪ್ರೋಗ್ರಾಮುಗಳು ಮೇಲೆ ಬರುತ್ತವೆ, ‘ಎಂ’ ಒತ್ತಿದರೆ ಮೆಮೊರಿ ತಿನ್ನುವವು. ‘1’ ಒತ್ತಿದರೆ ಪ್ರೊಸೆಸರಿನ ಒಂದೊಂದು ಕೋರಿನ ಲೆಕ್ಕವೂ ಬಿಡಿಯಾಗಿ ಕಾಣುತ್ತದೆ. ಪಟ್ಟಿಯಲ್ಲಿ ಯಾವುದೋ ಪ್ರೋಗ್ರಾಂ ಶೇ 300 ಬಳಸುತ್ತಿದೆ ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಇಲ್ಲಿ ಒಂದು ಕೋರಿನ ಪೂರ್ತಿ ಕೆಲಸವೇ ಶೇ 100, ಆ ಪ್ರೋಗ್ರಾಂ ಮೂರು ಕೋರುಗಳಷ್ಟು ಕೆಲಸ ಮಾಡಿಸುತ್ತಿದೆ ಅಷ್ಟೆ.

ಟಾಪ್‌ನ ಮೊದಲ ಸಾಲಿನ ಕೊನೆಯಲ್ಲಿರುವ ಮೂರು ಅಂಕಿಗಳಷ್ಟು ತಪ್ಪಾಗಿ ಓದಲ್ಪಡುವುದು ಇನ್ನಾವುದೂ ಇರಲಾರದು. ‘ಲೋಡ್ ಆವರೇಜ್’ ಎಂಬ ಇವು ಕಳೆದ 1, 5 ಮತ್ತು 15 ನಿಮಿಷಗಳ ಹೊರೆಯ ಸರಾಸರಿ. ಇದು ಶೇಕಡಾವಾರು ಅಲ್ಲ. ಓಡುತ್ತಿರುವ ಮತ್ತು ಸರದಿಗಾಗಿ ಕಾದಿರುವ ಕೆಲಸಗಳ ಸಂಖ್ಯೆ. ನಾಲ್ಕು ಕೋರಿನ ಯಂತ್ರದಲ್ಲಿ 4 ಎಂದರೆ ಕೋರುಗಳಿಗೆ ಕೈತುಂಬ ಕೆಲಸ, ಒಂದೇ ಕೋರಿನದರಲ್ಲಿ ಅದೇ 4 ಎಂದರೆ ಮೂರು ಕೆಲಸಗಳು ಸಾಲಿನಲ್ಲಿ ನಿಂತಿವೆ. ಕೋರುಗಳೆಷ್ಟೆಂದು ‘ಎನ್‌ಪ್ರಾಕ್’ ಹೇಳುತ್ತದೆ. ಆದರೆ ಲಿನಕ್ಸ್ 1993ರಿಂದಲೂ ಈ ಲೆಕ್ಕದಲ್ಲಿ ಡಿಸ್ಕಿನ ಉತ್ತರಕ್ಕಾಗಿ ಎಬ್ಬಿಸಲಾಗದ ನಿದ್ದೆಯಲ್ಲಿರುವ ಕೆಲಸಗಳನ್ನೂ ಸೇರಿಸುತ್ತ ಬಂದಿದೆ. ಆದ್ದರಿಂದ ಲೋಡ್ 20 ಇದ್ದೂ ಪ್ರೊಸೆಸರ್ ಬಹುಪಾಲು ಖಾಲಿ ಕೂತಿರಬಹುದು. ಆಗ ಕೆಳಗಿನ ಸಾಲಿನ ‘ಡಬ್ಲ್ಯೂಎ’ ಅಂಕಿ ನೋಡಬೇಕು. ಅದು ಏರಿದ್ದರೆ ಪ್ರೊಸೆಸರಿನ ಬದಲು ಡಿಸ್ಕಿನ ಮೇಲೆ ಅನುಮಾನ ಪಡುವುದು ಸರಿ. ಬಾಡಿಗೆ ಕ್ಲೌಡ್ ಸರ್ವರಿನಲ್ಲಿ ‘ಎಸ್‌ಟಿ’ಯೂ ಮುಖ್ಯ: ನಮ್ಮ ಸರ್ವರಿಗೆ ಸಿಗಬೇಕಾದ ಪ್ರೊಸೆಸರ್ ಸಮಯ ಅಕ್ಕಪಕ್ಕದವರಿಗೆ ಹೋದದ್ದನ್ನು ಅದು ತೋರಿಸುತ್ತದೆ.

ಮೆಮೊರಿಗೆ ‘ಫ್ರೀ’ ಆದೇಶವಿದೆ. ಅದಕ್ಕೆ ‘ಮೈನಸ್ ಹೆಚ್’ ಸೇರಿಸಿದರೆ ಲೆಕ್ಕ ಓದಲು ಸುಲಭವಾಗುವಂತೆ ಮೆಗಾಬೈಟು, ಗಿಗಾಬೈಟುಗಳಂಥ ಸೂಕ್ತ ಮಾನದಲ್ಲಿ ಬರುತ್ತದೆ. ಗಿಗಾಬೈಟುಗಳಲ್ಲಿ ಹೇಳುವುದಾದರೆ ಒಟ್ಟು 7.6, ಬಳಕೆ 3.1, ಖಾಲಿ 0.4, ಕ್ಯಾಷೆ 4.1 ಎಂದು ಬಂದರೆ ಹೊಸಬರು ‘ಖಾಲಿ’ಯ ಕಲಂ ಕಂಡೊಡನೆ ಮೆಮೊರಿ ಮುಗಿದೇ ಹೋಯಿತೆಂದು ತಿಳಿಯುತ್ತಾರೆ. ಹಾಗಲ್ಲ. ಸುಮ್ಮನೆ ಬಿದ್ದಿರುವ ಮೆಮೊರಿಯಲ್ಲಿ ಲಿನಕ್ಸ್ ಇತ್ತೀಚೆಗೆ ಓದಿದ ಕಡತಗಳ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ, ಪ್ರೋಗ್ರಾಂ ಕೇಳಿದಾಗ ಅದರಲ್ಲಿ ಹೆಚ್ಚಿನದನ್ನು ಬಿಟ್ಟುಕೊಡುತ್ತದೆ. ಮನೆಯಾಕೆ ಖಾಲಿ ಇರುವ ಕೋಣೆಯಲ್ಲಿ ಹಪ್ಪಳ ಹರವಿ, ನೆಂಟರು ಬಂದಾಗ ತೆಗೆದಂತೆ. ನೋಡಬೇಕಾದ ಕಲಂ ‘ಅವೇಲೆಬಲ್’. ಕರ್ನಲ್ 3.14ರಲ್ಲಿ, 2014ರಲ್ಲಿ ಈ ಅಂದಾಜು ಸೇರಿದ ಮೇಲೆ ಓದುವವರ ಕೆಲಸ ತುಂಬ ಹಗುರವಾಯಿತು.

ಟಾಪ್‌ನಲ್ಲಿ ಒಂದೊಂದು ಪ್ರೋಗ್ರಾಮಿನ ಮೆಮೊರಿ ನೋಡುವಾಗ ‘ವರ್ಟ್’ ಎಂಬ ದೊಡ್ಡ ಅಂಕಿಗೆ ಹೆದರಬಾರದು. ಅದು ಪ್ರೋಗ್ರಾಂ ಗೊತ್ತುಪಡಿಸಿಕೊಂಡ ವಿಳಾಸಗಳ ಮೊತ್ತ. ನಿಜವಾಗಿ ಚಿಪ್ಪಿನಲ್ಲಿ ಕೂತಿರುವುದು ‘ರೆಸ್’. ಅದನ್ನೂ ಎಲ್ಲ ಪ್ರೋಗ್ರಾಮುಗಳಿಗೆ ಸೇರಿಸಿ ಕೂಡಿದರೆ ಮೊತ್ತ ಹೆಚ್ಚಾದೀತು, ಏಕೆಂದರೆ ಹಂಚಿಕೊಂಡ ಲೈಬ್ರರಿಗಳು ಹಲವು ಬಾರಿ ಎಣಿಕೆಯಾಗುತ್ತವೆ.

ಮೆಮೊರಿ ನಿಜಕ್ಕೂ ಸಾಲದಿದ್ದರೆ ‘ವಿಎಂಸ್ಟ್ಯಾಟ್ 1’ ಹೇಳುತ್ತದೆ. ಅದರ ಮೊದಲ ಸಾಲು ಯಂತ್ರ ಚಾಲೂ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟು ಎರಡನೆಯದರಿಂದ ಓದಬೇಕು. ‘ಎಸ್‌ಐ’, ‘ಎಸ್‌ಓ’ ಕಲಂಗಳಲ್ಲಿ ಸೊನ್ನೆಯ ಬದಲು ದೊಡ್ಡ ಅಂಕಿಗಳು ಎಡೆಬಿಡದೆ ಬರುತ್ತಿದ್ದರೆ ಮೆಮೊರಿಯ ಪುಟಗಳು ಡಿಸ್ಕಿಗೂ ಅಲ್ಲಿಂದ ಮರಳಿಯೂ ಓಡಾಡುತ್ತಿವೆ ಎಂದೇ ಅರ್ಥ. ಹೀಗೆ ಓಡಾಡಿಸಿದರೂ ಮೆಮೊರಿ ಸಾಲದಾದಾಗ ಕರ್ನಲ್ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಯಾವುದು ಬಲಿಯಾಯಿತೆಂಬ ದಾಖಲೆ ‘ಡಿಮೆಸೆಜ್’ ಆದೇಶದಲ್ಲಿ ಸಿಗುತ್ತದೆ.

2004ರಲ್ಲಿ ಬ್ರೆಜಿಲ್‌ನ ಹಿಶಾಮ್ ಮುಹಮ್ಮದ್ ರೂಪಿಸಿದ ‘ಹೆಚ್‌ಟಾಪ್’ ಪ್ರೊಸೆಸರ್, ಮೆಮೊರಿಗಳ ಬಳಕೆಯನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತದೆ, ಬಾಣದ ಗುರುತಿನ ಕೀಲಿಗಳಿಂದ ಪಟ್ಟಿಯಲ್ಲಿ ಓಡಾಡಬಹುದು. ಕಲಿಯುವವರಿಗೆ ಇದೇ ಒಳ್ಳೆಯದು. ಆದರೆ ಇವೆಲ್ಲ ಬಹುಮಟ್ಟಿಗೆ ಈ ಕ್ಷಣದ್ದನ್ನೇ ಹೇಳುತ್ತವೆ. ನಿನ್ನೆ ರಾತ್ರಿ ಎರಡು ಗಂಟೆಗೆ ಸರ್ವರ್ ಯಾಕೆ ಸ್ತಬ್ಧವಾಯಿತೆಂದು ತಿಳಿಯಬೇಕಾದರೆ ‘ಸಿಸ್‌ಸ್ಟ್ಯಾಟ್’ ಪ್ಯಾಕೇಜನ್ನು ಮೊದಲೇ ಹಾಕಿಕೊಂಡು, ಅದರ ದಾಖಲಾತಿಯನ್ನು ಚಾಲೂ ಮಾಡಿಟ್ಟಿರಬೇಕು. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಅದು ಬರೆದಿಡುವ ಲೆಕ್ಕವನ್ನು ‘ಸಾರ್’ ಆದೇಶ ಮರಳಿ ತೋರಿಸುತ್ತದೆ.