ಪೆಟ್ರೋಲ್ ಪ್ರೆಶರ್ ವಾಷರ್: ಕೆಲಸ ನಿಂತಾಗಲೇ ಬೇಕು ಎಚ್ಚರ

ವಾಹನ ಸರ್ವಿಸ್ ಸ್ಟೇಷನ್, ಕೋಳಿ ಫಾರಂ, ಗೋದಾಮು ಹಾಗೂ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಪ್ರೆಶರ್ ವಾಷರ್ ಉಪಯುಕ್ತ ಸಾಧನ. ವಿದ್ಯುತ್ ಕೈಕೊಟ್ಟಾಗಲೂ ಕೆಲಸ ನಿಲ್ಲದಿರುವುದು ಇದರ ಮುಖ್ಯ ಅನುಕೂಲ. ಆದರೆ ಇದು ಎಂಜಿನ್ ಮತ್ತು ಪಂಪು ಎಂಬ ಎರಡು ಯಂತ್ರಗಳ ಜೋಡಣೆ ಎಂಬುದನ್ನು ಮರೆಯಬಾರದು. ಎಂಜಿನ್ನಿನ ಆಯಿಲ್ ನೋಡಿದರೆ ನಿರ್ವಹಣೆ ಮುಗಿಯಿತೆಂದು ಭಾವಿಸುವವರು ಪಂಪನ್ನು ಕಳೆದುಕೊಳ್ಳುತ್ತಾರೆ. ಯಂತ್ರದ ಬೆಲೆಯಲ್ಲಿ ಪಂಪಿನ ಪಾಲೂ ಸಣ್ಣದಲ್ಲ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಈ ಯಂತ್ರಕ್ಕೆ ಹೆಚ್ಚಿನ ಹಾನಿಯಾಗುವುದು ತೊಳೆಯುವಾಗಲ್ಲ, ತೊಳೆಯದೆ ನಿಂತಿರುವಾಗ.

ಪಂಪಿಗೆ ನೀರೇ ರಕ್ಷೆ

ಪಂಪಿನ ಸೀಲುಗಳನ್ನು ತಂಪಾಗಿಡುವುದು ಅದರೊಳಗೆ ಹರಿಯುವ ನೀರು. ಆದ್ದರಿಂದ ನೀರಿನ ಸಂಪರ್ಕ ಕೊಟ್ಟು, ಗನ್ನಿನ ಟ್ರಿಗರ್ ಒತ್ತಿ, ಗಾಳಿಯೆಲ್ಲ ಹೊರಹೋಗಿ ನೀರು ಸಮವಾಗಿ ಬಂದ ಮೇಲೆಯೇ ಎಂಜಿನ್ ಚಾಲೂ ಮಾಡತಕ್ಕದ್ದು. ಒಳಬರುವ ನೀರು ಪಂಪು ಎಳೆಯುವ ಪ್ರಮಾಣಕ್ಕಿಂತ ಕಡಿಮೆಯಿರಕೂಡದು. ಕೊಳವೆಬಾವಿಯ ನೀರು ಬಳಸುವವರು ಒಳಹರಿವಿನ ಜಾಲರಿಯನ್ನು ಪ್ರತಿ ಬಾರಿಯೂ ತೊಳೆಯುವುದು ಕ್ಷೇಮ. ಮರಳಿನ ಕಣವೊಂದು ಸಾಕು, ವಾಲ್ವು ಸರಿಯಾಗಿ ಮುಚ್ಚಿಕೊಳ್ಳದು.

ಟ್ರಿಗರ್ ಬಿಟ್ಟಾಗ ಎಂಜಿನ್ ಓಡುತ್ತಲೇ ಇರುತ್ತದೆ. ಆಗ ಅದೇ ನೀರು ಪಂಪಿನೊಳಗೇ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಹಲವು ಪಂಪುಗಳಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ತೆರೆದು ಬಿಸಿನೀರನ್ನು ಹೊರಬಿಡುವ ವಾಲ್ವು ಇರುತ್ತದೆಯಾದರೂ ಅದನ್ನೇ ನಂಬಿ ಕೂರುವುದು ಸರಿಯಲ್ಲ. ಗ್ರಾಹಕರೊಡನೆ ಮಾತಿಗೆ ನಿಲ್ಲುವಾಗ ಅಥವಾ ಫೋನ್ ಬಂದಾಗ ಎರಡು ನಿಮಿಷಕ್ಕಿಂತ ಹೆಚ್ಚಾಗುವುದಾದರೆ ಎಂಜಿನ್ ಆರಿಸುವ ಅಭ್ಯಾಸವನ್ನು ಕೆಲಸಗಾರರಲ್ಲಿ ಬೆಳೆಸಬೇಕು.

ಆಯಿಲ್‌ನ ಲೆಕ್ಕ

ಸಾಮಾನ್ಯವಾಗಿ ಬಳಕೆಯಲ್ಲಿರುವ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ನುಗಳಿಗೆ ಮೊದಲ 20 ಗಂಟೆಗಳ ದುಡಿಮೆಯ ನಂತರ, ಆಮೇಲೆ ಪ್ರತಿ 100 ಗಂಟೆಗೆ ಅಥವಾ ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸಬೇಕು. ಏರ್ ಫಿಲ್ಟರನ್ನು 50 ಗಂಟೆಗೊಮ್ಮೆ, ಧೂಳಿನ ಜಾಗದಲ್ಲಿ ಇನ್ನೂ ಬೇಗ ಶುಚಿಗೊಳಿಸಬೇಕು. ಪಂಪಿನ ಆಯಿಲ್ ಬೇರೆಯದೇ. ಅದನ್ನು ಬದಲಿಸಬಹುದಾದ ಪಂಪುಗಳಲ್ಲಿ ಮೊದಲು 50 ಗಂಟೆಗೆ, ನಂತರ 500 ಗಂಟೆಗೊಮ್ಮೆ ಬದಲಿಸುವುದು ರೂಢಿ. ಆ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಸವೆದು ನೀರು ಒಳಸೇರಿದೆಯೆಂದೇ ಅರ್ಥ. ಆಗಲೇ ಸೀಲು ಬದಲಿಸಿದರೆ ಸಣ್ಣ ಖರ್ಚು. ತಡಮಾಡಿದರೆ ಪಂಪೇ ಹೋದೀತು. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅವಧಿ ಇದ್ದರೆ ಅದನ್ನೇ ಪಾಲಿಸಿ.

ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ

ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದರೆ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಮಳೆಗಾಲ ಕಳೆದು ತೆಗೆದ ಯಂತ್ರ ಚಾಲೂ ಆಗದಿರಲು ಹೆಚ್ಚಾಗಿ ಇದೇ ಕಾರಣ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲವಾದರೆ ಟ್ಯಾಂಕು ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಬೇಕು. ಸೋಪು ದ್ರಾವಣ ಬಳಸಿದ್ದರೆ ಶುದ್ಧ ನೀರು ಹಾಯಿಸಿ, ಎಂಜಿನ್ ಆರಿಸಿ, ನಲ್ಲಿ ಮುಚ್ಚಿ, ಕೊನೆಗೆ ಟ್ರಿಗರ್ ಒತ್ತಿ ಪೈಪಿನಲ್ಲಿ ಉಳಿದ ಒತ್ತಡ ಇಳಿಸಬೇಕು.

ಪ್ರಾಣಕ್ಕಿಂತ ಮಿಗಿಲಲ್ಲ

ಶೆಡ್ಡಿನ ಬಾಗಿಲು ತೆರೆದಿದೆಯೆಂಬ ಧೈರ್ಯದಿಂದಲೂ ಎಂಜಿನ್ನನ್ನು ಒಳಗೆ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಎಂಜಿನ್ ಬಿಸಿಯಿರುವಾಗ ಪೆಟ್ರೋಲ್ ತುಂಬಬಾರದು. 2000 ಪಿಎಸ್ಐ, ಅಂದರೆ ಸುಮಾರು 138 ಬಾರ್ ಒತ್ತಡದ ನೀರು ಚರ್ಮವನ್ನು ಸೀಳಿ ಒಳನುಗ್ಗಬಲ್ಲದು. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಒಳಗಿನ ಹಾನಿ ದೊಡ್ಡದಿರಬಹುದಾದ್ದರಿಂದ ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ, ಒತ್ತಡದ ನೀರು ತಗುಲಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಇಷ್ಟಕ್ಕೆಲ್ಲ ಬೇಕಾದುದು ಯಂತ್ರದ ಪಕ್ಕದಲ್ಲಿ ತೂಗುಹಾಕಿದ ಒಂದು ನೋಟ್‌ಬುಕ್ ಮಾತ್ರ. ಓಡಿದ ಗಂಟೆ, ಆಯಿಲ್ ಬದಲಿಸಿದ ದಿನ, ಪೆಟ್ರೋಲ್ ಖಾಲಿ ಮಾಡಿದ ದಿನ ಅದರಲ್ಲಿ ದಾಖಲಾಗಲಿ. ಕೆಲಸಗಾರರು ಬದಲಾದರೂ ಲೆಕ್ಕ ತಪ್ಪುವುದಿಲ್ಲ.